ಕೈ ಕೊಸರಿದ್ರೆ ಲಾಠಿ ಬೀಸಬಹುದಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಅರೆಸ್ಟ್ ವಿಷಯಕ್ಕೆ ಈ ಸಲ ಬಂದಷ್ಟು ಪತ್ರ ಯಾವತ್ತೂ ಬಂದಿರ್ಲಿಲ್ಲ. ಒಂದೇ ಥರದ್ದನ್ನ ಒಟ್ಟಿಗೆ ಸೇರಿಸಿದೀನಿ, ಬೈದು ಬರೆದೋರ್ದನ್ನೂ ಬಿಟ್ಟಿಲ್ಲ.

ಪ್ರಶ್ನೆ: ಹಿಡಿಯೋಕೆ ಹೋದಾಗ ಆರೋಪಿ ಕೊಸರಾಡಿದ್ರೆ ಪೊಲೀಸರು ಎಷ್ಟು ಹೊಡಿಬಹುದು, ಇದಕ್ಕೆ ಏನಾದ್ರೂ ಲೆಕ್ಕ ಇದ್ಯಾ ಸಾರ್?

ಉತ್ತರ: ಏಟಿನ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ, ಯಾಕಂದ್ರೆ ಕಾನೂನು ಕೊಟ್ಟಿರೋದು ಹಿಡಿಯೋ ಅಧಿಕಾರ, ಹೊಡಿಯೋದಕ್ಕೆ ಅಂತ ಬೇರೆ ಅಧಿಕಾರ ಕೊಟ್ಟೇ ಇಲ್ಲ. ನಮ್ಮ ದೇಶದ್ದು ಹೇಳ್ತೀನಿ ಕೇಳಿ, 2024ರ ಜುಲೈ 1ರಿಂದ ಸಿಆರ್‌ಪಿಸಿ (ಹಳೇ ಅಪರಾಧ ಪ್ರಕ್ರಿಯಾ ಸಂಹಿತೆ) ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತಲ್ಲ, ಅದರ 43ನೇ ಸೆಕ್ಷನ್ನು (ಹಳೇದ್ರಲ್ಲಿ 46) ಆರೋಪಿ ಬಲವಂತದಿಂದ ತಡೆದ್ರೆ ಇಲ್ಲಾ ತಪ್ಪಿಸ್ಕೊಳ್ಳೋಕೆ ನೋಡಿದ್ರೆ ಬಂಧಿಸೋಕೆ ಅಗತ್ಯ ಇರೋ ಎಲ್ಲಾ ಮಾರ್ಗ ಬಳಸಬಹುದು ಅನ್ನುತ್ತೆ. ಜನ 'ಎಲ್ಲಾ ಮಾರ್ಗ' ಅನ್ನೋದನ್ನ ಮಾತ್ರ ಓದ್ತಾರೆ, ಅದರ ಪಕ್ಕದಲ್ಲೇ ಇರೋ 'ಅಗತ್ಯ' ಯಾರ ಕಣ್ಣಿಗೂ ಬೀಳಲ್ಲ. ಇನ್ನು ಈ ಹೊಸ ಸಂಹಿತೆದೇ 46ನೇ ಸೆಕ್ಷನ್ನು ಇದೆ, ಸಿಕ್ಕ ಮೇಲೆ ಓಡಿಹೋಗದ ಹಾಗೆ ನೋಡ್ಕೊಳ್ಳೋಕೆ ಎಷ್ಟು ಬೇಕೋ ಅಷ್ಟೇ ತಡೆ, ಅದಕ್ಕಿಂತ ಒಂದು ಗುಲಗಂಜಿ ಹೆಚ್ಚಿಗೆ ಇಲ್ಲ.

ಅಂದ್ರೆ ಕೊಸರಾಟ ಎಲ್ಲಿ ನಿಂತಿತೋ ಬಲಪ್ರಯೋಗದ ಹಕ್ಕೂ ಅಲ್ಲೇ ನಿಲ್ಲಬೇಕು. ಕೋಳ ಬಿದ್ದ ಮೇಲೆ ಬೀಳೋ ಏಟು, ಮೊದಲು ಅವನು ಎಷ್ಟೇ ಎಗರಾಡಿರ್ಲಿ, ಬಂಧನದ ಲೆಕ್ಕಕ್ಕೆ ಬರಲ್ಲ, ಅದು ಸೇಡಿನ ಲೆಕ್ಕ.

ಪ್ರಶ್ನೆ: ನೆಲದ ಮೇಲೆ ಕೂತ್ಬಿಟ್ರೆ, ಮೈ ಸಡಿಲ ಬಿಟ್ಟು ಏಳಲ್ಲ ಅಂದ್ರೆ ಅದೂ ಪ್ರತಿರೋಧನಾ?

ಉತ್ತರ: ಪ್ರತಿರೋಧವೇ, ಆದ್ರೆ ತಣ್ಣನೆ ಪ್ರತಿರೋಧ. ಎತ್ತಿಕೊಂಡು ಹೋಗ್ಬಹುದು, ನಾಲ್ಕು ಜನ ಬೇಕಾಗುತ್ತೆ ಅಷ್ಟೆ. ಕೂತೋನಿಗೂ ಚಾಕು ಬೀಸ್ತಿರೋನಿಗೂ ಒಂದೇ ಔಷಧಿ ಕೊಡೋದು ಎಲ್ಲೂ ನ್ಯಾಯ ಅನ್ನಿಸ್ಕೊಳ್ಳಲ್ಲ.

ಪ್ರಶ್ನೆ: ಹೇಳಿದ ಮಾತು ಕೇಳದೆ ಹುಚ್ಚುಹುಚ್ಚಾಗಿ ಆಡ್ತಾ ಇದ್ರೆ ಪೊಲೀಸ್ ತಾನೆ ಏನ್ ಮಾಡ್ಬೇಕು? ಕುಡಿದಿದಾನೆ ಅಂತ ತಾನೇ ಅಂದ್ಕೊಳ್ತಾರೆ?

ಉತ್ತರ: ನಿಮ್ಮ ಪ್ರಶ್ನೆಗೆ ಹೇಳಿ ಮಾಡಿಸಿದ ಹಾಗೆ ಒಂದು ಕೇಸಿದೆ, ಅಮೆರಿಕದ್ದು, ಅಲ್ಲಿನ ಸುಪ್ರೀಂ ಕೋರ್ಟ್ 1989ರಲ್ಲಿ ತೀರ್ಪು ಕೊಟ್ಟ ಗ್ರಹಾಂ ವರ್ಸಸ್ ಕಾನರ್. ಆ ಮನುಷ್ಯನಿಗೆ ಡಯಾಬಿಟಿಸ್, ಸಕ್ಕರೆ ಇಳೀತಾ ಇತ್ತು, ಕಿತ್ತಳೆ ಜ್ಯೂಸ್ ತಗೊಳ್ಳೋಣ ಅಂತ ಅಂಗಡಿಗೆ ಓಡಿದ, ಕ್ಯೂ ಉದ್ದ ಇತ್ತು ಅಂತ ಹಂಗೇ ಓಡಿ ವಾಪಸ್ ಬಂದು ಸ್ನೇಹಿತನ ಕಾರ್ ಹತ್ತಿದ, ಇದನ್ನ ನೋಡಿದ ಪೊಲೀಸ್ ಅಧಿಕಾರಿಗೆ ಇವನೇನೋ ಕದ್ದ ಅಂತ ಡೌಟು, ಕಾರ್ ನಿಲ್ಲಿಸಿದ್ರು, ಇವನು ಇಳಿದು ಕಾರಿನ ಸುತ್ತ ಓಡಿ ಪ್ರಜ್ಞೆ ತಪ್ಪಿ ಬಿದ್ದ, ಕುಡಿದಿದಾನೆ ಅಂದ್ಕೊಂಡು ಕೋಳ ಹಾಕಿದ್ರು, ಸ್ನೇಹಿತ ಯಾರೋ ಜ್ಯೂಸ್ ತಂದ್ರೆ ಅದನ್ನೂ ಕುಡಿಯೋಕೆ ಬಿಡ್ಲಿಲ್ಲ. ಕೊನೆಗೆ ನೋಡಿದ್ರೆ ಅಂಗಡೀಲಿ ಏನೂ ಆಗಿರ್ಲೇ ಇಲ್ಲ, ಇವನ ಪಾದದ ಮೂಳೆ ಮಾತ್ರ ಮುರಿದಿತ್ತು.

ಆ ತೀರ್ಪು ಮೂರು ಪ್ರಶ್ನೆ ಕೇಳಿ ಅಂತು, ಆರೋಪ ಎಷ್ಟು ಗಂಭೀರ, ಆ ಕ್ಷಣಕ್ಕೆ ಯಾರಿಗಾದ್ರೂ ಅಪಾಯ ಇತ್ತಾ, ಅವನು ನಿಜವಾಗ್ಲೂ ಸೆಣಸಾಡ್ತಾ ಇದ್ನಾ ಅಥವಾ ಓಡಿಹೋಗ್ತಾ ಇದ್ನಾ. ಮೂರನೇದು ಒಂದೇ ಇದ್ರೆ ಸಾಲಲ್ಲ, ಅದಕ್ಕೇ ಮೂರು. ಪೊಲೀಸರ ಪರವಾಗಿರೋ ಮಾತೂ ಅದ್ರಲ್ಲೇ ಇದೆ, ಆಮೇಲೆ ಆರಾಮಾಗಿ ಕೂತು ತೂಗ್ಬೇಡಿ, ಸ್ಥಳದಲ್ಲಿದ್ದ ಒಬ್ಬ ವಿವೇಕಿ ಅಧಿಕಾರಿಯ ಕಣ್ಣಲ್ಲಿ ನೋಡಿ ಅಂತ. ಇದು ನ್ಯಾಯವೇ. ಆದ್ರೆ ಕಿವಿ ಕೇಳಿಸದೋರು, ಮೂರ್ಛೆ ರೋಗದೋರು, ಮನಸ್ಸಿಗೆ ಹುಷಾರಿಲ್ಲದೋರು, ಭಾಷೆನೇ ಬರದೋರು, ಇವರೆಲ್ಲಾ 'ಮಾತು ಕೇಳಲ್ಲ' ಅನ್ನೋ ಒಂದೇ ಬುಟ್ಟಿಗೆ ಬೀಳ್ತಾರೆ ನೋಡಿ, ಹತ್ತು ಸೆಕೆಂಡು ಹಿಂದೆ ಸರಿದು ನಿಂತ್ರೆ ಎಷ್ಟೋ ಸಲ ವ್ಯತ್ಯಾಸ ಗೊತ್ತಾಗುತ್ತೆ.

ಪ್ರಶ್ನೆ: ಬೋರಲು ಹಾಕಿ ಬೆನ್ನ ಮೇಲೆ ಕೂತ್ರೆ ಸಾಯ್ತಾರೆ ಅಂತಾರಲ್ಲ, ಉಸಿರಾಡೋಕಾಗ್ತಿಲ್ಲ ಅಂತ ಕೂಗ್ತಿದಾನೆ ಅಂದ್ರೆ ಉಸಿರಾಡ್ತಿದಾನೆ ಅಂತ ತಾನೇ ಅರ್ಥ?

ಉತ್ತರ: ಅಲ್ಲ. ಮತ್ತೆ ಈ ತಪ್ಪು ತಿಳುವಳಿಕೆ ಜೀವ ತೆಗೆದಿದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ. ಮಾತಾಡೋಕೆ ಗಂಟಲಲ್ಲಿ ಒಂಚೂರು ಗಾಳಿ ಆಡಿದ್ರೆ ಸಾಕು, ಬದುಕೋಕೆ ಆ ಗಾಳಿ ಶ್ವಾಸಕೋಶದ ತಳದವರೆಗೂ ಇಳೀಬೇಕು. ಬೋರಲು ಮಲಗಿಸಿ ಬೆನ್ನ ಮೇಲೆ ಭಾರ ಹಾಕಿದ್ರೆ ಪಕ್ಕೆಲುಬು ಅರಳಲ್ಲ, ವಪೆ (ಎದೆಗೂ ಹೊಟ್ಟೆಗೂ ನಡುವೆ ಇರೋ ಉಸಿರಾಟದ ಸ್ನಾಯು) ಕೆಳಗಿಳಿಯಲ್ಲ, ಅದೂ ಓಡಿ ಗುದ್ದಾಡಿ ಮೈಯೆಲ್ಲಾ ಆಕ್ಸಿಜನ್ ಬೇಡ್ತಾ ಇರೋ ಹೊತ್ತಲ್ಲಿ. ಆಗ ಮನುಷ್ಯ ಏನ್ ಮಾಡ್ತಾನೆ, ಉಸಿರಿಗೋಸ್ಕರ ಮೈ ಮೇಲೆತ್ತೋಕೆ ಒದ್ದಾಡ್ತಾನೆ. ಮೇಲಿರೋನಿಗೆ ಅದು ಪ್ರತಿರೋಧದ ಥರ ಕಾಣುತ್ತೆ, ಇನ್ನೂ ಒತ್ತುತ್ತಾನೆ, ಇವನು ಇನ್ನೂ ಒದ್ದಾಡ್ತಾನೆ, ಆಮೇಲೆ ಸುಮ್ಮನಾಗ್ತಾನೆ, 'ದಾರಿಗೆ ಬಂದ' ಅಂದ್ಕೊಳ್ತಾರೆ.

ಅಮೆರಿಕದ ನ್ಯಾಯ ಇಲಾಖೆ 1995ರಲ್ಲೇ ಪೊಲೀಸರಿಗೆ ಸೂಚನೆ ಕೊಟ್ಟಿತ್ತು, ಕೋಳ ಹಾಕಿದ ತಕ್ಷಣ ಹೊಟ್ಟೆ ಮೇಲಿಂದ ಎಬ್ಬಿಸಿ ಅಂತ. ಅದಾಗಿ 25 ವರ್ಷಕ್ಕೆ, 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತಾಗ ಆತನ ಕೈಗೆ ಕೋಳ ಬಿದ್ದಿತ್ತು, ಆದ್ರೂ ಒಬ್ಬ ಪೊಲೀಸ್ ಅಧಿಕಾರಿಯ ಮಂಡಿ ಆತನ ಕತ್ತಿನ ಮೇಲಿದ್ದದ್ದು 9 ನಿಮಿಷ 29 ಸೆಕೆಂಡು. ಕೊಲೆ ಅಂತ ತೀರ್ಮಾನವಾಗಿ ಆ ಅಧಿಕಾರಿಗೆ 2021ರಲ್ಲಿ ಇಪ್ಪತ್ತೆರಡೂವರೆ ವರ್ಷ ಜೈಲಾಯ್ತು. ಗೊತ್ತಿಲ್ಲದೆ ಆಗಿದ್ದಲ್ಲ ಅದು, ಸುತ್ತ ನಿಂತೋರು ಕೂಗಿ ಹೇಳ್ತಾನೇ ಇದ್ರು. ಮಾಡಬೇಕಾದ್ದು ಸಣ್ಣ ಕೆಲಸ, ಪಕ್ಕಕ್ಕೆ ಹೊರಳಿಸೋದು ಇಲ್ಲಾ ಎತ್ತಿ ಕೂರಿಸೋದು.

ಪ್ರಶ್ನೆ: ಕಾಲಿಗೆ ಗುಂಡು ಹೊಡೆದ್ರೆ ಸಾಯಲ್ಲ ಅಲ್ವಾ, ಹಾಗಾದ್ರೆ ಅದು ಸಣ್ಣ ಬಲಪ್ರಯೋಗ ಅಂತ ಆಗಲ್ವಾ?

ಉತ್ತರ: 'ಆತ್ಮರಕ್ಷಣೆಗೆ ಕಾಲಿಗೆ ಗುಂಡು' ಅನ್ನೋ ಹೆಡ್‌ಲೈನ್ ಓದಿ ಓದಿ ನಮಗೆಲ್ಲಾ ಹಾಗನ್ಸಿಬಿಟ್ಟಿದೆ. ತೊಡೇಲಿ ದೊಡ್ಡ ರಕ್ತನಾಳ ಇದೆ, ಹರಿದ್ರೆ ಕೆಲವೇ ನಿಮಿಷದಲ್ಲಿ ರಕ್ತ ಸೋರಿ ಸಾಯ್ತಾನೆ. ಓಡ್ತಿರೋ ಕಾಲಿಗೆ ಗುರಿ ಇಡೋದೂ ಹುಡುಗಾಟ ಅಲ್ಲ, ತಪ್ಪಿದ ಗುಂಡು ದಾರೀಲಿ ಹೋಗೋರಿಗೆ. ಬಂದೂಕು ಎತ್ತಿದ್ರೆ ಅದು ಪ್ರಾಣಾಂತಿಕ ಬಲವೇ, ಎಲ್ಲಿಗೆ ಗುರಿ ಇಟ್ಟಿದ್ರೂ.

ಸುಮ್ಮನೆ ಓಡಿಹೋಗೋನ ಮೇಲೆ ಹೊಡಿಯೋ ಹಾಗಿಲ್ಲ ಅಂತ ಅಮೆರಿಕದ ಕೋರ್ಟ್ 1985ರಲ್ಲಿ ಹೇಳಿತು, ಅಲ್ಲಿ ಸತ್ತದ್ದು ಬೇಲಿ ಹತ್ತುತಿದ್ದ 15 ವರ್ಷದ ಬರಿಗೈ ಹುಡುಗ. ನಮ್ಮ 43ನೇ ಸೆಕ್ಷನ್ನೂ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಆಗಬಹುದಾದ ಆರೋಪ ಇಲ್ಲದಿದ್ರೆ ಬಂಧನಕ್ಕೋಸ್ಕರ ಸಾಯಿಸೋ ಹಕ್ಕೇ ಇಲ್ಲ ಅನ್ನುತ್ತೆ. ಅಂಥ ಆರೋಪ ಇದ್ರೆ ಗುಂಡು ಹಾರಿಸೋಕೆ ಲೈಸೆನ್ಸ್ ಸಿಕ್ತು ಅಂತಲ್ಲ, ಆಗಲೂ ಅದೇ 'ಅಗತ್ಯ'ದ ಪ್ರಶ್ನೆ ಬರುತ್ತೆ. ಎನ್‌ಕೌಂಟರ್‌ನಲ್ಲಿ ಸಾವಾದ್ರೆ ಬೇರೆ ಠಾಣೆಯವರು ಅಥವಾ ಸಿಐಡಿ ತನಿಖೆ ಮಾಡ್ಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ಆಗ್ಬೇಕು ಅಂತ 2014ರಲ್ಲೇ ನಮ್ಮ ಸುಪ್ರೀಂ ಕೋರ್ಟ್ ನಿಯಮ ಹಾಕಿದೆ.

ಪ್ರಶ್ನೆ: ನಾನು ತಪ್ಪೇ ಮಾಡಿಲ್ಲ, ಸುಮ್ಮಸುಮ್ನೆ ಹಿಡಿಯೋಕೆ ಬಂದ್ರೆ ತಳ್ಳಿದ್ರೆ ತಪ್ಪಾ?

ಉತ್ತರ: ತಳ್ಬೇಡಿ ಮಾರಾಯ್ರೆ. ಕಾನೂನುಬದ್ಧ ಬಂಧನ ತಡೆದ್ರೆ ಭಾರತೀಯ ನ್ಯಾಯ ಸಂಹಿತೆಯ (ಹಳೇ ಐಪಿಸಿ ಜಾಗಕ್ಕೆ ಬಂದಿರೋ ಕಾನೂನು) 262ರ ಪ್ರಕಾರ 2 ವರ್ಷದವರೆಗೆ ಜೈಲು. ಬಂಧನವೇ ಸ್ವಲ್ಪ ಎಡವಟ್ಟಾಗಿದ್ರೂ, ಅಧಿಕಾರಿ ಸದ್ಭಾವನೆಯಿಂದ ಮಾಡ್ತಿದ್ರೆ, ಸಾವು ಅಥವಾ ತೀವ್ರ ಗಾಯದ ಭಯ ಇಲ್ಲದಿದ್ರೆ, ಆತ್ಮರಕ್ಷಣೆ ಹಕ್ಕು ನಿಮಗೆ ಸಿಗಲ್ಲ ಅಂತ 37ನೇ ಸೆಕ್ಷನ್ನು. ಪೊಲೀಸರ ಎದೆ ಮೇಲಿನ ನೇಮ್ ಬೋರ್ಡ್ ನೋಡ್ಕೊಳ್ಳಿ, ಅರೆಸ್ಟ್ ಮೆಮೋ (ಬಂಧನದ ದಾಖಲೆ ಪತ್ರ) ಕೇಳಿ, ಮನೆಯೋರಿಗೆ ತಿಳಿಸಿ ಅನ್ನಿ, ಇವೆಲ್ಲಾ ನಮ್ಮ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಡಿ.ಕೆ. ಬಸು ಕೇಸಿಂದ ಬಂದಿರೋ ಹಕ್ಕು. ಜಗಳ ಕೋರ್ಟಲ್ಲಿ ಆಡಿ.

ಪ್ರಶ್ನೆ: ನಾನೂ ಖಾಕಿ ಹಾಕೋನೇ. ಎರಡು ಸೆಕೆಂಡಲ್ಲಿ ತೀರ್ಮಾನ ತಗೋಬೇಕು, ನೀವು ಎಸಿ ರೂಮಲ್ಲಿ ಕೂತು ತಪ್ಪು ಹುಡುಕ್ತೀರಿ.

ಉತ್ತರ: ಎಸಿ ಇಲ್ಲ, ಉಳಿದದ್ದು ಒಪ್ಪಿದೆ. ಆದ್ರೆ ಆ ಎರಡು ಸೆಕೆಂಡಿಗೆ ನಿಮ್ಮನ್ನ ತಂದು ನಿಲ್ಲಿಸಿದ್ದು ಏನು ಅಂತಾನೂ ನೋಡ್ಬೇಕಲ್ವಾ? ಟೋಲ್ ಬಾಕಿಗೆ ನಿಲ್ಲಿಸಿದ ಕಾರು ಹೊರಟಾಗ ಅಧಿಕಾರಿ ಅದರ ಬಾಗಿಲ ಅಂಚಿಗೆ ಜಿಗಿದು ನಿಂತು ಗುಂಡು ಹಾರಿಸಿದ ಕೇಸಲ್ಲಿ ಕೆಳಗಿನ ಕೋರ್ಟು ಬರೀ ಕೊನೇ ಎರಡು ಸೆಕೆಂಡು ನೋಡಿತ್ತು, 2025ರ ಮೇನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದು ಸರಿಯಲ್ಲ, ಹಿಂದಿನದ್ದೂ ಸೇರಿಸಿ ನೋಡಿ ಅಂತ ವಾಪಸ್ ಕಳಿಸಿತು. ಅಧಿಕಾರಿ ತಪ್ಪು ಅಂತ ಅದು ಹೇಳ್ಲಿಲ್ಲ, ಪೂರ್ತಿ ಕಥೆ ಓದಿ ಅಂತು ಅಷ್ಟೆ. ಅದಕ್ಕೇ ಒಂದು ಸಲಹೆ, ರಿಪೋರ್ಟಲ್ಲಿ 'ಆರೋಪಿ ಪ್ರತಿರೋಧ ತೋರಿದ' ಅಂತ ಒಂದೇ ಸಾಲಲ್ಲಿ ಮುಗಿಸ್ಬೇಡಿ, ಹೇಗೆ ತೋರಿದ, ಯಾವಾಗ ನಿಲ್ಲಿಸಿದ, ನಿಲ್ಲಿಸಿದ ಮೇಲೆ ನಿಮ್ಮ ಕೈ ಎಲ್ಲಿತ್ತು ಅಂತ ಬರೀರಿ, ನಾಳೆ ಪಾಟೀಸವಾಲಿನಲ್ಲಿ ವಕೀಲರು ಮೊದಲು ಕೇಳೋದೇ ಅದನ್ನ.