ಆಪ್ಟೊಮೆಟ್ರಿ ಇಂಟರ್ವ್ಯೂಲಿ ಏನ್ ಹೇಳೋದು

ಆಪ್ಟೊಮೆಟ್ರಿ, ಅಂದ್ರೆ ದೃಷ್ಟಿ ಪರೀಕ್ಷೆ ಮಾಡೋದು ಕಲಿಸೋ ಕೋರ್ಸು, ಅದರ ಸೀಟಿನ ಇಂಟರ್ವ್ಯೂಲಿ ಎಂಬಿಬಿಎಸ್ ಸಿಗ್ಲಿಲ್ಲ ಅಂತ ಬಂದ್ಯಾ ಅಂತ ಕೇಳಿದ್ರೆ ಏನ್ ಹೇಳ್ಲಿ ಅಂದ್ರಲ್ಲ, ನೀಟ್ ಪರೀಕ್ಷೆ ಬರ್ದಿದ್ರೆ ಬರ್ದೆ ಅಂತ್ಲೇ ಹೇಳಿ, ಸುಳ್ಳು ಬೇಡ, ಆದ್ರೆ ಮುಂದಿನ ಮಾತು ನೀವು ಕಣ್ಣಾರೆ ಕಂಡಿದ್ದಾಗಿರ್ಲಿ. ನನ್ನ ಇಂಟರ್ವ್ಯೂಲಿ ನಾನು ಹೇಳಿದ್ದು ನಮ್ಮಜ್ಜಿ ವಿಷ್ಯ, ತೀರ್ಥಹಳ್ಳಿ ಮನೇಲಿ ಅಡಿಕೆ ಸುಲಿಯೋವಾಗ ಮೆಟ್ಟುಗತ್ತಿ ಬೆರಳಿಗೆ ತಾಗ್ತಿತ್ತು, ವಯಸ್ಸಾಯ್ತು ಅಂತ ಬಿಟ್ಟಿದ್ವಿ, ಶಿವಮೊಗ್ಗಕ್ಕೆ ಕರ್ಕೊಂಡೋಗಿ ಕನ್ನಡಕ ಹಾಕಿಸಿದ್ಮೇಲೆ ಮತ್ತೆ ಸುಲಿಯೋಕೆ ಕೂತ್ರು. ಇಂಟರ್ವ್ಯೂ ಮಾಡ್ತಿದ್ದೋರು ತಕ್ಷಣ ಕೇಳಿದ್ರು, 40 ದಾಟಿದ್ಮೇಲೆ ಹತ್ತಿರದ್ದು ಯಾಕೆ ಮಂಜಾಗತ್ತೆ ಅಂತ. ಕಣ್ಣೊಳಗಿನ ಲೆನ್ಸ್ ಗಟ್ಟಿಯಾಗ್ತಾ ಬಂದು ಫೋಕಸ್ ಬದಲಿಸೋ ಶಕ್ತಿ ಕಮ್ಮಿ ಆಗತ್ತೆ ಅಂದೆ. ಆಪ್ಟೊಮೆಟ್ರಿಸ್ಟು ದೃಷ್ಟಿ ನೋಡಿ ಕನ್ನಡಕದ ನಂಬರ್ ಕೊಡ್ತಾರೆ, ಪೊರೆ ಆಪರೇಷನ್ ಮಾಡೋದು ಕಣ್ಣಿನ ಡಾಕ್ಟರು, ಇದು ಗೊತ್ತಿರ್ಲೇಬೇಕು. ಹೋಗೋಕ್ ಮುಂಚೆ ಕಣ್ಣಿನ ಕ್ಲಿನಿಕ್ಕಲ್ಲಿ ಕೇಳ್ಕೊಂಡು ಅರ್ಧ ದಿನ ಕೂತು ನೋಡಿ, ದೃಷ್ಟಿ ಅಳೆಯೋವಾಗ ಬರೆಯೋ 6/6 ಅಂದ್ರೇನು ಅಂತ ಅಲ್ಲೇ ಕಲೀತೀರ.