ಕಂಪ್ಯೂಟರ್ ಕೇಳಿ: ವಿಂಡೋಸ್ ಇರುವ ಡಿಸ್ಕ್ ಮುಟ್ಟೇ ಇಲ್ಲ, ಆದರೂ ಶುರುವಾಗ್ತಿಲ್ಲ!

ಪ್ರಶ್ನೆ: ಸರ್, ರಾಣೆಬೆನ್ನೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಕಂಪ್ಯೂಟರಿನಲ್ಲಿ ಎರಡು ಡಿಸ್ಕ್ ಇದ್ದವು. ಹಳೆಯದು 500 ಜಿಬಿ ಹಾರ್ಡ್‌ಡಿಸ್ಕ್, ಅದರಲ್ಲಿ ಗಿರಾಕಿಗಳ ಫೈಲುಗಳು. ಆಮೇಲೆ ಹಾಕಿಸಿದ್ದು 240 ಜಿಬಿ ಎಸ್‌ಎಸ್‌ಡಿ, ಅದರಲ್ಲಿ ವಿಂಡೋಸ್ 10. ಹಳೆಯ ಡಿಸ್ಕ್ ಈಚೆಗೆ ಟಕ್ ಟಕ್ ಅನ್ನತೊಡಗಿತ್ತು. ಅದನ್ನು ಬಿಚ್ಚಿ ಅದೇ ಕೇಬಲ್ಲಿಗೆ ಹೊಸ 1 ಟಿಬಿ ಡಿಸ್ಕ್ ಹಾಕಿದೆ. ಈಗ ಕಪ್ಪು ಪರದೆ ಮೇಲೆ 'ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್' ಅಂತ ಬಂದು ನಿಲ್ಲುತ್ತದೆ. ಎಸ್‌ಎಸ್‌ಡಿಯನ್ನು ನಾನು ಮುಟ್ಟಿಯೇ ಇಲ್ಲ. ರಿಪೇರಿಯವರು ಎಸ್‌ಎಸ್‌ಡಿ ಹೋಗಿದೆ, ಫಾರ್ಮ್ಯಾಟ್ ಮಾಡಿ ನೋಡೋಣ ಅಂತಾರೆ. ಹಾಗೆ ಮಾಡಿದರೆ ಕೋರಲ್‌ಡ್ರಾ, ಪೇಜ್‌ಮೇಕರ್, ನುಡಿ, ಕೂಡಿಟ್ಟ ಫಾಂಟು ಎಲ್ಲಾ ಮತ್ತೆ ಹಾಕಬೇಕು. ಮದುವೆ ಸೀಸನ್ ಬೇರೆ. ಏನಾದರೂ ದಾರಿ ಇದೆಯಾ?

ಉತ್ತರ: ಫಾರ್ಮ್ಯಾಟ್ ಬೇಡ. ಯಾರು ಹೇಳಿದರೂ ಬೇಡ. ನಿಮ್ಮ ಎಸ್‌ಎಸ್‌ಡಿ ಚೆನ್ನಾಗಿಯೇ ಇರಬೇಕು. ಅದು ಹೋಗಿದೆ ಅನ್ನುವವರು ಅದನ್ನು ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದರಾ? ಕೇಳಿ ನೋಡಿ.

ಮೊದಲು ಹೊಸ ಡಿಸ್ಕ್ ಬಿಚ್ಚಿ ಹಳೆಯದನ್ನು ಅದೇ ಜಾಗಕ್ಕೆ ವಾಪಸ್ ಹಾಕಿ. ವಿಂಡೋಸ್ ಎಂದಿನಂತೆ ತೆರೆಯಿತು ಅಂದರೆ ಅರ್ಧ ಕೆಲಸ ಆದ ಹಾಗೆ. ತೆರೆಯದಿದ್ದರೆ ಕೇಬಲ್ ನೋಡಿ. ಕ್ಯಾಬಿನೆಟ್ಟಿನೊಳಗೆ ಕೈ ಹಾಕಿದಾಗ ಎಸ್‌ಎಸ್‌ಡಿಯನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಅರ್ಧ ಹೊರಗೆ ಬಂದಿರುವುದು ಜಾಸ್ತಿ. ಆನ್ ಮಾಡಿದ ತಕ್ಷಣ ಡಿಲೀಟ್ ಕೀ ಒತ್ತಿ ಬಯೋಸ್‌ಗೆ (ವಿಂಡೋಸ್‌ಗೂ ಮುಂಚೆ ಬರುವ ಸೆಟ್ಟಿಂಗ್ ಪರದೆಗೆ) ಹೋದರೆ, ಡಿಸ್ಕ್‌ಗಳ ಪಟ್ಟಿಯಲ್ಲಿ ಎಸ್‌ಎಸ್‌ಡಿ ಹೆಸರು ಕಾಣಬೇಕು. ಬೂಟ್ ಕ್ರಮದಲ್ಲಿ, ಅಂದರೆ ಯಾವ ಡಿಸ್ಕಿನಿಂದ ಮೊದಲು ಶುರುವಾಗಬೇಕು ಎಂಬ ಪಟ್ಟಿಯಲ್ಲಿ, ಹಿಂದೆ ಯಾವುದು ಮೊದಲಿತ್ತೋ ಅದೇ ಮೊದಲಿರಬೇಕು. ಕೆಲವು ಬೋರ್ಡ್‌ಗಳು ಡಿಸ್ಕ್ ಬದಲಾದರೆ ಈ ಕ್ರಮವನ್ನು ತಮಗೆ ತೋಚಿದ ಹಾಗೆ ಬದಲಿಸುತ್ತವೆ.

ಹಳೆಯ ಡಿಸ್ಕ್ ಹಾಕಿದ ಮೇಲೆ ತೆರೆಯಿತು ಅಂತಲೇ ಇಟ್ಟುಕೊಳ್ಳೋಣ. ನನ್ನ ಊಹೆ ಅದೇ. ನಿಮಗೆ ಎಸ್‌ಎಸ್‌ಡಿ ಹಾಕಿಕೊಟ್ಟವರು ಹಳೆಯ ಡಿಸ್ಕ್ ಬಿಚ್ಚದೆಯೇ ಹೊಸ ವಿಂಡೋಸ್ ಹಾಕಿದ್ದಾರೆ. ವಿಂಡೋಸ್ ಸೆಟಪ್ಪಿಗೆ ಒಂದು ಚಾಳಿ ಇದೆ. ಕಂಪ್ಯೂಟರಿನಲ್ಲಿ ಆಗಲೇ ಒಂದು ಬೂಟ್ ಭಾಗ ಇದ್ದರೆ ಅದನ್ನೇ ಬಳಸಿಕೊಳ್ಳುತ್ತದೆ, ಹೊಸ ಡಿಸ್ಕಿನಲ್ಲಿ ಬೇರೆ ಮಾಡುವುದಿಲ್ಲ. ಹಾಗಾಗಿ ವಿಂಡೋಸ್ ಬಂದು ಕೂತದ್ದು ಎಸ್‌ಎಸ್‌ಡಿಯಲ್ಲಿ, ಅದನ್ನು ಎಬ್ಬಿಸುವ ಪುಟ್ಟ ಫೈಲುಗಳು ಉಳಿದದ್ದು ಹಳೆಯ ಹಾರ್ಡ್‌ಡಿಸ್ಕಿನಲ್ಲಿ. ಮನೆ ಇಲ್ಲಿ, ಬೀಗದ ಕೈ ಪಕ್ಕದ ಮನೆಯಲ್ಲಿ. ಪಕ್ಕದ ಮನೆಯನ್ನು ನೀವು ಖಾಲಿ ಮಾಡಿಸಿದಿರಿ, ಅಷ್ಟೇ.

ಇದನ್ನು ಕಣ್ಣಾರೆ ನೋಡಬಹುದು. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಗಡೆ ಡಿಸ್ಕ್ 0, ಡಿಸ್ಕ್ 1 ಅಂತ ಎರಡು ಪಟ್ಟಿ ಇರುತ್ತವೆ. ಹಳೆಯ ಡಿಸ್ಕಿನ ಪಟ್ಟಿಯಲ್ಲಿ ಎಡತುದಿಗೆ ಒಂದು ಚಿಕ್ಕ ಚೌಕ ಕಾಣುತ್ತದೆ, 'ಸಿಸ್ಟಂ ರಿಸರ್ವ್ಡ್' ಅಂತ. ವಿಂಡೋಸ್ 7 ಕಾಲದ್ದಾದರೆ ಬರೀ 100 ಎಂಬಿ. ಅದರೊಳಗೆ 'ಸಿಸ್ಟಂ, ಆಕ್ಟಿವ್' ಎಂದು ಬರೆದಿರುತ್ತದೆ. ಎಸ್‌ಎಸ್‌ಡಿಯ ಸಿ ಡ್ರೈವಿನಲ್ಲಿ 'ಬೂಟ್' ಅಂತಿರುತ್ತದೆ, 'ಸಿಸ್ಟಂ' ಇರುವುದಿಲ್ಲ. ಈ 'ಸಿಸ್ಟಂ' ಯಾವ ಡಿಸ್ಕಿನಲ್ಲಿದೆಯೋ ಆ ಡಿಸ್ಕ್ ತೆಗೆದರೆ ಕಂಪ್ಯೂಟರ್ ಏಳುವುದಿಲ್ಲ.

ರಿಪೇರಿಗೆ ಮುಂಚೆ ಇನ್ನೊಂದು ಮಾತು. ಟಕ್ ಟಕ್ ಅನ್ನುವ ಡಿಸ್ಕ್ ಇನ್ನೆಷ್ಟು ದಿನ ಅಂತ ಯಾರೂ ಹೇಳಲಾರರು. ಗಿರಾಕಿಗಳ ಫೈಲು ಕಾಪಿ ಮಾಡಿಟ್ಟಿದ್ದೀರಾ ಎಂದು ನೀವು ಬರೆದಿಲ್ಲ. ಇಲ್ಲದಿದ್ದರೆ ಇವತ್ತೇ ಮಾಡಿ, ಬೂಟ್ ರಿಪೇರಿ ನಾಳೆ. ಬೋರ್ಡಿನಲ್ಲಿ ಖಾಲಿ ಸಾಟಾ ಪೋರ್ಟ್ ಇದ್ದರೆ ಮೂರೂ ಡಿಸ್ಕ್ ಒಟ್ಟಿಗೆ ಸಿಕ್ಕಿಸಿ ನೇರವಾಗಿ ಹೊಸದಕ್ಕೆ ಹಾಕಿಕೊಳ್ಳಬಹುದು. ಹೊಸ ಡಿಸ್ಕ್ ಸುಮ್ನೆ ಸಿಕ್ಕಿಸಿದರೆ ಮೈ ಕಂಪ್ಯೂಟರಿನಲ್ಲಿ ಕಾಣುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಇನಿಷಿಯಲೈಸ್ ಮಾಡಿ 'ನ್ಯೂ ಸಿಂಪಲ್ ವಾಲ್ಯೂಮ್' ಕೊಡಬೇಕು.

ಈಗ ಬೀಗದ ಕೈ ಸ್ಥಳಾಂತರ. ಹಳೆಯ ಡಿಸ್ಕ್ ಇರುವಾಗಲೇ, ವಿಂಡೋಸ್ ಒಳಗಿಂದಲೇ ಮಾಡಿ. ಕಮಾಂಡ್ ಪ್ರಾಂಪ್ಟನ್ನು 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಆಗಿ ತೆರೆದು ಇದನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ:

ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಸಿ: /ಎಫ್ ಬಯೋಸ್

ಬಿ-ಸಿ-ಡಿ ಮೂರಕ್ಷರ, ಹಿಂದೆಯೇ ಬೂಟ್, ನಡುವೆ ಜಾಗ ಬಿಡಬೇಡಿ. 'ಎಸ್' ಮತ್ತು 'ಎಫ್' ಒಂದೊಂದೇ ಅಕ್ಷರ. ಬೂಟ್ ಫೈಲುಗಳನ್ನು ಯಶಸ್ವಿಯಾಗಿ ರಚಿಸಲಾಗಿದೆ ಎಂಬರ್ಥದ ಸಾಲು ಇಂಗ್ಲಿಷಿನಲ್ಲಿ ಬರಬೇಕು. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸಿ ಮೇಲೆ ರೈಟ್ ಕ್ಲಿಕ್ ಮಾಡಿ 'ಮಾರ್ಕ್ ಪಾರ್ಟಿಷನ್ ಆಸ್ ಆಕ್ಟಿವ್' ಕೊಡಿ. ಡಿಸ್ಕ್ ಸರಿಯಾದದ್ದೇ ಅಂತ ಎರಡು ಸಲ ನೋಡಿ ಒತ್ತಿ. ಕಂಪ್ಯೂಟರ್ ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಹಳೆಯ ಡಿಸ್ಕ್ ತೆಗೆಯಿರಿ. ಎಸ್‌ಎಸ್‌ಡಿ ಒಂದನ್ನೇ ಬಿಟ್ಟು ಆನ್ ಮಾಡಿ. ವಿಂಡೋಸ್ ಬಂತಾ? ಆಫ್ ಮಾಡಿ ಹೊಸ ಡಿಸ್ಕ್ ಹಾಕಿ, ಬಯೋಸ್‌ನಲ್ಲಿ ಎಸ್‌ಎಸ್‌ಡಿಯನ್ನು ಮೊದಲನೆಯದು ಮಾಡಿ.

'ಮಾರ್ಕ್ ಪಾರ್ಟಿಷನ್' ಅನ್ನುವುದು ಮಂಕಾಗಿ ಕಂಡು ಒತ್ತಲು ಬಾರದಿದ್ದರೆ ನಿಮ್ಮ ಎಸ್‌ಎಸ್‌ಡಿ ಜಿಪಿಟಿ ಬಗೆಯದು, ಅಂದರೆ ಡಿಸ್ಕನ್ನು ಹೊಸ ರೀತಿಯಲ್ಲಿ ಭಾಗ ಮಾಡಿದ್ದು. ಆಗ ದಾರಿ ಬೇರೆ. ಸಿ ಡ್ರೈವನ್ನು ಸ್ವಲ್ಪ ಕುಗ್ಗಿಸಿ, ಅಲ್ಲಿ ಫ್ಯಾಟ್32 ಮಾದರಿಯ ಇಎಫ್‌ಐ ಭಾಗ ಮಾಡಿ, ಬೂಟ್ ಫೈಲುಗಳನ್ನು ಅದರೊಳಗೆ ಹಾಕಬೇಕು. ಇದನ್ನು ಡಿಸ್ಕ್‌ಪಾರ್ಟ್ (ಡಿಸ್ಕ್ ಭಾಗ ಮಾಡುವ ವಿಂಡೋಸ್ ಆಜ್ಞೆ) ಗೊತ್ತಿರುವವರ ಕೈಲಿ ಮಾಡಿಸಿ, ಓದಿಕೊಂಡು ಮಾಡುವ ಕೆಲಸ ಅಲ್ಲ. ಡಿಸ್ಕ್‌ಪಾರ್ಟ್‌ನಲ್ಲಿ ತಪ್ಪು ಡಿಸ್ಕ್ ಆರಿಸಿ 'ಕ್ಲೀನ್' ಅಂದರೆ ಅದು 'ನಿಜವಾಗಿಯೂ?' ಅಂತ ಕೇಳುವುದೂ ಇಲ್ಲ.

ಹಳೆಯ ಡಿಸ್ಕ್ ಪೂರ್ತಿ ಸತ್ತಿದ್ದರೆ? ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ 8 ಜಿಬಿಯ ಒಂದು ಪೆನ್‌ಡ್ರೈವ್ ತಯಾರು ಮಾಡಿಕೊಂಡು ಅದರಿಂದ ಬೂಟ್ ಮಾಡಿ. ಭಾಷೆ ಕೇಳುವ ಮೊದಲ ಪರದೆಯಲ್ಲೇ ಶಿಫ್ಟ್ ಎಫ್10 ಒತ್ತಿದರೆ ಕಮಾಂಡ್ ಪ್ರಾಂಪ್ಟ್ ಬರುತ್ತದೆ. ಅಲ್ಲಿ ನಿಮ್ಮ ಸಿ ಡ್ರೈವ್ ಡಿ ಅಥವಾ ಇ ಆಗಿರಬಹುದು. 'ಡಿಐಆರ್' ಕೊಟ್ಟು ವಿಂಡೋಸ್ ಫೋಲ್ಡರ್ ಎಲ್ಲಿದೆ ನೋಡಿ, ಮೇಲಿನ ಆಜ್ಞೆಯಲ್ಲಿ ಆ ಅಕ್ಷರ ಹಾಕಿ. 'ಆಕ್ಟಿವ್' ಮಾಡಲು ಅಲ್ಲಿರುವುದು ಮತ್ತದೇ ಡಿಸ್ಕ್‌ಪಾರ್ಟ್, ಹಾಗಾಗಿ ಮೇಲೆ ಹೇಳಿದ ಎಚ್ಚರಿಕೆ ಇಲ್ಲೂ ಇರಲಿ.

ಡಿಟಿಪಿಯವರಿಗೇ ಹೇಳಬೇಕಾದ್ದು ಒಂದಿದೆ. ಹೊಸ ಡಿಸ್ಕಿಗೆ ಹಳೆಯ ಡಿಸ್ಕಿನ ಅಕ್ಷರವನ್ನೇ ಕೊಡಿ. ಅದು ಡಿ ಆಗಿದ್ದರೆ ಇದೂ ಡಿ, ಫೋಲ್ಡರಿನ ಹೆಸರೂ ಹಾಗೇ ಇರಲಿ. ಇಲ್ಲದಿದ್ದರೆ ಹಳೆಯ ಲಗ್ನಪತ್ರಿಕೆ ತೆರೆದಾಗ ಪೇಜ್‌ಮೇಕರ್ 'ಗಣೇಶನ ಚಿತ್ರ ಎಲ್ಲಿ?' ಅಂತ ಕೇಳುತ್ತಾ ಕೂರುತ್ತದೆ. ಲಿಂಕ್ ಮಾಡಿದ ಚಿತ್ರಗಳನ್ನು ಅದು ಡ್ರೈವ್ ಅಕ್ಷರದ ಸಮೇತ ನೆನಪಿಟ್ಟಿರುತ್ತದೆ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಮೈಕ್ರೋಸಾಫ್ಟ್ ಬೆಂಬಲ ಮುಗಿಸಿದೆ. ಆ ಯೋಚನೆ ಸೀಸನ್ ಕಳೆದ ಮೇಲೆ ಮಾಡಿ. ಹೊಸ ವಿಂಡೋಸ್ ಹಾಕಿಸುವ ದಿನ ಮಾತ್ರ ಎದುರಿಗೇ ನಿಂತು, ಬೇರೆ ಡಿಸ್ಕ್‌ಗಳ ಕೇಬಲ್ ಬಿಚ್ಚಿಸಿ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಸುಟ್ಟಿತು. ಅದರ ಎಸ್‌ಎಸ್‌ಡಿಯನ್ನು ಅಣ್ಣನ ಲ್ಯಾಪ್‌ಟಾಪಿಗೆ ಹಾಕಿದರೆ ನೀಲಿ ಪರದೆ ಬಂದು ಬಿಟ್‌ಲಾಕರ್ ಕೀ ಕೇಳುತ್ತಿದೆ. ನಾನು ಯಾವ ಲಾಕೂ ಹಾಕಿರಲಿಲ್ಲ. (ಓದುಗರೊಬ್ಬರು, ಮೈಸೂರು)

ಉತ್ತರ: ನೀವು ಹಾಕಿಲ್ಲ, ವಿಂಡೋಸ್ ಹಾಕಿದೆ. ಬಿಟ್‌ಲಾಕರ್ ಅಂದರೆ ಡಿಸ್ಕಿಗೆ ಬೀಳುವ ವಿಂಡೋಸಿನದೇ ಬೀಗ. ಈಚಿನ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗುವುದುಂಟು, ಅಂದರೆ ಕೀ ಇಲ್ಲದೆ ಓದಲಾಗದ ಹಾಗಾಗುವುದುಂಟು. ಬೀಗ ತೆರೆಯುವ ಗುಟ್ಟು ಹಳೆಯ ಮದರ್‌ಬೋರ್ಡಿನಲ್ಲಿ ಇಂಥ ಗುಟ್ಟು ಕಾಯುವ ಟಿಪಿಎಂ ಚಿಪ್ಪಿನಲ್ಲಿತ್ತು. ಅಣ್ಣನ ಬೋರ್ಡಿಗೆ ಅದು ಗೊತ್ತಿಲ್ಲ, ಹಾಗಾಗಿ ಕೇಳುತ್ತಿದೆ. ನಿಮ್ಮ ಡಿಸ್ಕ್ ಕೆಟ್ಟಿಲ್ಲ.

ಆ ಕೀ 48 ಅಂಕಿಯದು. ಫೋನಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ಡಿವೈಸಸ್ ಕೆಳಗೆ ರಿಕವರಿ ಕೀ ಹುಡುಕಿ. ಒಂದಕ್ಕಿಂತ ಹೆಚ್ಚು ಇದ್ದರೆ ನೀಲಿ ಪರದೆಯ ಕೀ ಐಡಿಯ ಮೊದಲ 8 ಅಕ್ಷರ ಹೋಲಿಸಿ. ಲ್ಯಾಪ್‌ಟಾಪ್ ಕೊಟ್ಟದ್ದು ಕಾಲೇಜೋ ಕಂಪನಿಯೋ ಆಗಿದ್ದರೆ ಅಲ್ಲಿಯ ಐಟಿಯವರನ್ನು ಕೇಳಿ. ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯವರು ತಮ್ಮದೇ ಇಮೇಲ್‌ನಿಂದ ಖಾತೆ ತೆರೆದುಕೊಟ್ಟಿದ್ದರೆ ಕೀ ಅಲ್ಲಿರುತ್ತದೆ. ಇದು ಅಪರೂಪವೇನಲ್ಲ.

ಎಲ್ಲೂ ಸಿಗದಿದ್ದರೆ ಒಳಗಿನ ಫೈಲು ಹೋದ ಹಾಗೇ. ಕೀ ಇಲ್ಲದೆ ತೆಗೆದುಕೊಡುತ್ತೇವೆ ಎಂದು ಮುಂಗಡ ಕೇಳುವವರಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ: 40 ಜಿಬಿಯ ಹಳೆಯ ಐಡಿಇ ಹಾರ್ಡ್‌ಡಿಸ್ಕಿನಲ್ಲಿ ಅಪ್ಪನ ಫೋಟೋಗಳಿವೆ. ಹೊಸ ಕಂಪ್ಯೂಟರಿನಲ್ಲಿ ಆ ಅಗಲದ ಪಟ್ಟಿ ಕೇಬಲ್ಲಿಗೆ ಜಾಗವೇ ಇಲ್ಲ. (ಓದುಗರೊಬ್ಬರು, ಶಿರಸಿ)

ಉತ್ತರ: ಐಡಿಇಯಿಂದ ಯುಎಸ್‌ಬಿಗೆ ಬದಲಿಸುವ ಅಡಾಪ್ಟರ್ ಸಿಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡ್ ಕಡೆ ಹೋಗುವವರಿದ್ದರೆ ತರಿಸಿಕೊಳ್ಳಿ. ಜೊತೆಗೆ ಬೇರೆ ಪವರ್ ಅಡಾಪ್ಟರ್ ಇರುವುದನ್ನೇ ಕೊಳ್ಳಿ. 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಯುಎಸ್‌ಬಿ ಕೊಡುವುದು 5 ಮಾತ್ರ. ಡಿಸ್ಕಿನ ಹಿಂಬದಿಯ ಜಂಪರನ್ನು ಮಾಸ್ಟರ್ ಜಾಗದಲ್ಲಿಡಿ, ಜಾಗ ಯಾವುದೆಂದು ಲೇಬಲ್ಲಿನಲ್ಲೇ ಚಿತ್ರ ಇರುತ್ತದೆ. ಡಿಸ್ಕ್ ಕಂಡ ಮೇಲೆ ವಿಂಡೋಸ್ 'ಫಾರ್ಮ್ಯಾಟ್ ಮಾಡಲೇ?' ಅಂತ ಕೇಳಿದರೆ 'ಕ್ಯಾನ್ಸಲ್' ಒತ್ತಿ, ಆ ಪರದೆಯ ಫೋಟೋ ತೆಗೆದು ನನಗೆ ಕಳಿಸಿ.