ಮೆಕ್ಕೆಜೋಳ ಯಾವಾಗ ಮುರಿಯಬೇಕು?

ಅಕ್ಕಪಕ್ಕದ ಹೊಲಗಳಲ್ಲಿ ಒಬ್ಬರು ಹಸಿರು ಮೆಕ್ಕೆಜೋಳವನ್ನು ಗಿಡದ ಸಮೇತ ಕತ್ತರಿಸುತ್ತಿದ್ದರು, ಇನ್ನೊಬ್ಬರದು ಒಣಗಿ ನಿಂತಿತ್ತು, ಯಾಕೆ ಅಂತ ಕೇಳಿದ್ದೀರಿ. ನಾನು ದಾವಣಗೆರೆ ಕಡೆಯ ರೈತ. ಯಾತಕ್ಕೆ ಬೆಳೆದಿದ್ದಾರೆ ಅನ್ನುವುದರ ಮೇಲೆ ಕೊಯ್ಲು ನಿಂತಿದೆ.

ಹಸಿರು ಗಿಡ ಕತ್ತರಿಸಿದ್ದು ಹಸುಗಳ ರಸಮೇವಿಗೆ, ಅಂದರೆ ಸೈಲೇಜ್‌ಗೆ ಇರಬೇಕು. ಹಸಿರು ಮೇವನ್ನು ಕತ್ತರಿಸಿ, ಗಾಳಿಯಾಡದಂತೆ ತುಳಿದು ಮುಚ್ಚಿಟ್ಟು ಹುಳಿ ಬರಿಸುವುದೇ ರಸಮೇವು. ತೆನೆಯನ್ನು ಮಧ್ಯಕ್ಕೆ ಮುರಿದರೆ ಕಾಳಿನ ಹೊರಭಾಗ ಗಟ್ಟಿ, ಬೆಂಡಿನ ಕಡೆ ಇನ್ನೂ ಹಾಲು. ಇವೆರಡರ ನಡುವಿನ ಗೆರೆ ಕಾಳಿನ ಅರ್ಧಕ್ಕೆ ಇಳಿದಾಗ ಕತ್ತರಿಸುತ್ತಾರೆ. ಆಗ ಗಿಡದಲ್ಲಿ ನೀರಿನಂಶ ಶೇ. 65–70 ಇರುತ್ತದೆ. ತೀರಾ ಹಸಿ ಇದ್ದರೆ ರಸ ಸೋರಿ ಮೇವು ಕೆಡುತ್ತದೆ. ಒಣಗಿದ್ದರೆ ಎಷ್ಟು ತುಳಿದರೂ ಒಳಗಿನ ಗಾಳಿ ಹೋಗಲ್ಲ, ಬೂಸ್ಟು ಬರುತ್ತದೆ.

ಬೇಬಿ ಕಾರ್ನ್‌ಗೆ ತೆನೆಯ ಕೂದಲು ಹೊರಬಂದ ಒಂದೆರಡು ದಿನದಲ್ಲೇ ಕೈ ಹಾಕಬೇಕು. ಸ್ವೀಟ್ ಕಾರ್ನ್‌ಗೆ ಸುಮಾರು 20 ದಿನ: ಕೂದಲು ಕಂದಾಗಿ, ಉಗುರು ಒತ್ತಿದರೆ ಹಾಲು ಚಿಮ್ಮಬೇಕು. ಬೆಳಗಿನ ತಂಪಿನಲ್ಲೇ ಕಿತ್ತು ಬೇಗ ಮಾರುಕಟ್ಟೆಗೆ ಕಳಿಸಬೇಕು. ಬಿಸಿಲಲ್ಲಿ ರಾಶಿ ಹಾಕಿದರೆ ಸಿಹಿಯೆಲ್ಲ ಹಿಟ್ಟಾಗಿಬಿಡುತ್ತದೆ.

ನಮ್ಮ ಕಡೆ ಜಾಸ್ತಿ ಬೆಳೆಯುವುದು ಒಣ ಕಾಳಿಗೆ. ಕೋಳಿ ಆಹಾರ, ಸ್ಟಾರ್ಚ್, ಈಗ ಎಥೆನಾಲ್ ಎಲ್ಲಕ್ಕೂ ಇದೇ. ಜೂನ್‌ನಲ್ಲಿ ಬಿತ್ತಿದ್ದು ಅಕ್ಟೋಬರ್ ಹೊತ್ತಿಗೆ ಬಲಿಯುತ್ತದೆ. ಬಲಿತಿದೆಯಾ ಅಂತ ನೋಡಲು ಒಂದು ಕಾಳು ಕಿತ್ತು ಬುಡವನ್ನು ಉಗುರಿನಿಂದ ಕೆರೆಯಿರಿ. ಅಲ್ಲಿ ಕಪ್ಪು ಪದರ ಕಂಡರೆ ಬೆಳವಣಿಗೆ ಮುಗಿಯಿತು, ಇನ್ನು ಕಾಳಿನ ತೂಕ ಏರುವುದಿಲ್ಲ. ಆದರೂ ಆಗ ಕಾಳಿನಲ್ಲಿ ಶೇ. 30ಕ್ಕೂ ಮೇಲೆ ತೇವ ಇರುತ್ತದೆ. ಅದಕ್ಕೇ ಗಿಡದಲ್ಲೇ ಒಣಗಲು ಬಿಡುತ್ತೇವೆ. ಮುರಿದ ಮೇಲೆ ಮತ್ತೆ ಕಣದಲ್ಲಿ ಹರವಿ ಶೇ. 14ಕ್ಕೆ ಇಳಿಸಬೇಕು. ಹಿಂಗಾರು ಮಳೆ ಬರುವುದು ಸರಿಯಾಗಿ ಇದೇ ಹೊತ್ತಿಗೆ! ತಾಡಪಾಲು ಹೊದಿಸುವುದು, ತೆಗೆಯುವುದು, ಮನೆಮಂದಿಗೆಲ್ಲ ಅದೇ ಕೆಲಸ. ದುಡ್ಡಿನ ಅವಸರಕ್ಕೆ ಹಸಿ ಕಾಳನ್ನೇ ಚೀಲಕ್ಕೆ ತುಂಬಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಬೂಸ್ಟು ಹಿಡಿದ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಸೇರಿಕೊಳ್ಳಬಹುದು. ಅದನ್ನು ತಿಂದ ಕೋಳಿಗಳ ಈಲಿ (ಲಿವರ್) ಕೆಡುತ್ತದೆ.

ಪಾಪ್‌ಕಾರ್ನ್ ತಳಿಯೇ ಬೇರೆ. ಅದನ್ನೂ ಗಿಡದಲ್ಲೇ ಒಣಗಿಸುತ್ತಾರೆ, ಆದರೆ ಪೂರ್ತಿ ಒಣಗಿಸುವಂತಿಲ್ಲ. ಒಳಗೆ ಉಳಿದ ಶೇ. 14ರಷ್ಟು ತೇವವೇ ಕಾದು ಆವಿಯಾಗಿ ಕಾಳನ್ನು ಅರಳಿಸುವುದು. ಒಕ್ಕುವಾಗ ಸಿಪ್ಪೆ ಬಿರುಕು ಬಿಟ್ಟರೆ ಆವಿ ಸೋರಿಹೋಗಿ ಕಾಳು ಅರಳುವುದಿಲ್ಲ. ಹಾಗಾಗಿ ಅದಕ್ಕೆ ಮಿಷಿನ್ ನಿಧಾನವಾಗಿ ಓಡಿಸಬೇಕು.